ಮಂಗಳೂರಲ್ಲಿ ಬ್ಯಾಂಕ್ ಹರಾಜಿನ ಫ್ಲ್ಯಾಟುಗಳು ಹೆಚ್ಚಾಗ್ತಾ ಉಂಟಾ? ಬಿಡ್ ಹಾಕಬಹುದಾ?

ಬಿಜೈ_ಬಾಡಿಗೆದಾರ

ಪೇಪರಿನ ಒಳಪುಟಗಳಲ್ಲಿ ಈಗ ಮಂಗಳೂರು-ಉಡುಪಿಯ ಬ್ಯಾಂಕ್ ಪ್ರಕಟಣೆಗಳು ತುಂಬ ಕಾಣ್ತಾ ಉಂಟು. ಸ್ವಾಧೀನ ನೋಟಿಸು, ಇ-ಹರಾಜು, ಮರುಹರಾಜು ಅಂತ ಒಂದೊಂದು ದಿನ ಅರ್ಧ ಪುಟ. ಇಲ್ಲಿ ಮನೆ ಸಾಲ ಕಟ್ಟಲಾಗದವರು ಹೆಚ್ಚಾಗಿದ್ದಾರೆ, ರೇಟು ಇನ್ನೂ ಇಳಿಯುತ್ತದೆ ಅಂತ ಇದರಿಂದ ತಿಳ್ಕೊಳ್ಳಬಹುದಾ? ಅಥವಾ ನನ್ನ ಲೆಕ್ಕವೇ ತಪ್ಪಾ?

ಎರಡನೆಯದು, ಬಿಕರ್ನಕಟ್ಟೆ ಕಡೆಯ ಒಂದು ಎರಡು ಬೆಡ್‌ರೂಮ್ ಫ್ಲ್ಯಾಟ್ ಕಣ್ಣಲ್ಲಿ ಉಂಟು. 1,050 ಚದರಡಿ, ಮೀಸಲು ಬೆಲೆ (ಬ್ಯಾಂಕು ಇಟ್ಟ ಕನಿಷ್ಠ ಬೆಲೆ) 48 ಲಕ್ಷ, ಮೂರನೇ ಸಲ ಹರಾಜಿಗೆ ಬಂದದ್ದು. ಪ್ರಕಟಣೆಯಲ್ಲಿ "ಸಾಂಕೇತಿಕ ಸ್ವಾಧೀನ" ಅಂತ ಬರೆದಿದ್ದಾರೆ. ಮಾರುಕಟ್ಟೆಗಿಂತ ಕಡಿಮೆ ಅಂತಲೇ ಕಾಣ್ತದೆ. ಕೈಗೆ ಒಟ್ಟು ಎಷ್ಟು ಹಣ, ಯಾವ ದಿನಕ್ಕೆ ಬೇಕು? ಯಾವ ದಾಖಲೆ ನೋಡಬೇಕು? ತಿಳಿದವರು ವಿವರವಾಗಿ ಹೇಳಿ, ಉಪಕಾರ ಆಗ್ತದೆ.

ಲೆಕ್ಕ_ಪಕ್ಕಾ

ಜಾಹೀರಾತು ಎಣಿಸುವುದನ್ನು ಮೊದಲು ಬಿಡಿ ಮಾರಾಯ್ರೆ. ಒಂದೇ ಸಾಲ ಎಷ್ಟು ಸಲ ಅಚ್ಚಾಗ್ತದೆ ನೋಡಿ. ಸಾಲಗಾರನಿಗೆ 60 ದಿನದ ಬೇಡಿಕೆ ನೋಟಿಸು ಕೈಗೆ ಮುಟ್ಟದಿದ್ದರೆ ಅದನ್ನು ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಸ್ವಾಧೀನ ತೆಗೆದುಕೊಂಡ 7 ದಿನದೊಳಗೆ ಮತ್ತೆ ಎರಡು ಪತ್ರಿಕೆ. ಹರಾಜಿಗೆ ಮತ್ತೆರಡು. ಯಾರೂ ಬಾರದೆ ಮೂರು ಸುತ್ತು ಹರಾಜಾದರೆ ಅದೇ ಆರು. ಒಂದು ಫ್ಲ್ಯಾಟಿಗೆ ಹತ್ತು ಜಾಹೀರಾತು ಆಯಿತು. ಓದುವವನಿಗೆ ಹತ್ತು ಮನೆ ಹೋದ ಹಾಗೆ ಕಾಣ್ತದೆ.

ಇನ್ನೊಂದು, ಸಾಲಗಾರನ ಹೆಸರಿನ ಕಾಲಂ ನೋಡಿ. "ಮೆಸರ್ಸ್" ಅಂತ ಶುರುವಾದರೆ ಅದು ಮನೆ ಸಾಲವೇ ಅಲ್ಲ, ವ್ಯಾಪಾರದ ಸಾಲ. ಗೇರುಬೀಜ, ಮೀನುಗಾರಿಕೆ, ಹೋಟೆಲು, ಗುತ್ತಿಗೆ ಕೆಲಸ ಹೀಗೆ ಯಾವುದೋ ವ್ಯವಹಾರಕ್ಕೆ ಮಾಲೀಕನ ಮನೆಯನ್ನೋ ಜಾಮೀನುದಾರನ ಫ್ಲ್ಯಾಟನ್ನೋ ಭದ್ರತೆ ಕೊಟ್ಟಿರ್ತಾರೆ. ಅಂಥದ್ದು ಹೆಚ್ಚಾದರೆ ವ್ಯಾಪಾರ ಕುಂಟುತ್ತಿದೆ ಅಂತ ತಿಳಿಯಬಹುದು. ಸಂಬಳದವರು ಕಂತು ಕಟ್ಟಲಾಗದೆ ಕೂತಿದ್ದಾರೆ ಅಂತ ಅದರಿಂದ ಹೇಳಲಿಕ್ಕೆ ಬರುವುದಿಲ್ಲ.

ಮನೆ ಮುಟ್ಟುಗೋಲಿನ ಜಿಲ್ಲಾವಾರು ಪಟ್ಟಿ ಯಾರೂ ಪ್ರಕಟಿಸುವುದಿಲ್ಲ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕದಲ್ಲಿ ಕರ್ನಾಟಕದಿಂದ ಇರುವುದು ಬೆಂಗಳೂರು. ಅದರ ಏರಿಳಿತವನ್ನು ತಂದು ಕದ್ರಿಗೋ ಮಣಿಪಾಲಕ್ಕೋ ಅಂಟಿಸುವುದು ಸರಿಯಲ್ಲ. ನಿಮಗೆ ಊರಿನ ಚಿತ್ರ ಬೇಕಿದ್ದರೆ ಆರು ತಿಂಗಳ ಹರಾಜು ಪ್ರಕಟಣೆ ಮಾತ್ರ ತೆಗೆದುಕೊಳ್ಳಿ (ಸ್ವಾಧೀನ ನೋಟಿಸು ಬೇಡ). ಸರ್ವೆ ನಂಬರು, ಡೋರ್ ನಂಬರು ಹಾಕಿ ಒಂದು ಹಾಳೆಯಲ್ಲಿ ಬರೆದು, ಮರುಕಳಿಸಿದ್ದನ್ನು ಹೊಡೆದುಹಾಕಿ, ಪ್ರತಿಯೊಂದರ ಮೊದಲ ಸುತ್ತಿನ ಮೀಸಲು ಬೆಲೆ ಮತ್ತು ಕೊನೆಯ ಸುತ್ತಿನ ಬೆಲೆ ಪಕ್ಕಪಕ್ಕ ಇಡಿ. ಸರಕಾರಿ ಬ್ಯಾಂಕುಗಳ ಆಸ್ತಿ ಬ್ಯಾಂಕ್‌ನೆಟ್ ಜಾಲತಾಣದಲ್ಲಿ ಊರಿನ ಹೆಸರಿನಿಂದಲೇ ಸಿಗ್ತದೆ. ಖಾಸಗಿ ಬ್ಯಾಂಕು, ಹೌಸಿಂಗ್ ಫೈನಾನ್ಸ್‌ನವರದ್ದಕ್ಕೆ ಅವರವರ ತಾಣ ನೋಡಬೇಕು. ನಮ್ಮ ಕಡೆಯ ಪತ್ತಿನ ಸಹಕಾರ ಸಂಘಗಳದ್ದು ಬೇರೆಯೇ ದಾರಿ. ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ಹಿಡಿದು ಮಾರಲಿಕ್ಕೆ ಬ್ಯಾಂಕುಗಳಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಅವಕ್ಕೆ ಅನ್ವಯಿಸುವುದಿಲ್ಲ. ಸಹಕಾರ ಕಾಯ್ದೆಯಡಿ ದಾವೆ ಹೂಡಿ, ತೀರ್ಪು ತೆಗೆದು, ಆಮೇಲೆ ಜಾರಿ. ಸಹಕಾರಿ ಬ್ಯಾಂಕುಗಳಿಗೆ ಮಾತ್ರ ಸರ್ಫೇಸಿ ಉಂಟು, 2020ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ.

ಸ್ವಂತ ಮನೆ ಎಷ್ಟು ಜನರಿಗೆ ಉಂಟು ಎಂಬ ಅಂಕಿಯೂ ಇಲ್ಲಿ ಸ್ವಲ್ಪ ಮೋಸ ಮಾಡ್ತದೆ. 2011ರ ಜನಗಣತಿಯಲ್ಲಿ ದೇಶದ ನಗರ ಕುಟುಂಬಗಳಲ್ಲಿ ಸ್ವಂತ ಮನೆಯಲ್ಲಿ ಇದ್ದವರು ನೂರಕ್ಕೆ 69.2, ಬಾಡಿಗೆಗೆ ಇದ್ದವರು 27.5. ಅದರಲ್ಲಿ ಕೇಳಿದ್ದು "ನೀವು ಈಗ ಇರುವ ಮನೆ ನಿಮ್ಮದಾ" ಅಂತ. ಕುವೈತಿನಲ್ಲೋ ದುಬೈಯಲ್ಲೋ ಇದ್ದುಕೊಂಡು ಬೆಂದೂರಿನಲ್ಲಿ ಫ್ಲ್ಯಾಟ್ ತೆಗೆದು ಬೀಗ ಹಾಕಿದವನ ಮನೆ ಆ ಲೆಕ್ಕಕ್ಕೆ ಬರುವುದಿಲ್ಲ, ಅದು ಖಾಲಿ ಮನೆ. ಬೆಳ್ತಂಗಡಿಯಲ್ಲಿ ತರವಾಡು ಮನೆ, ತೋಟ ಎಲ್ಲ ಇದ್ದು ಕೆಲಸಕ್ಕೆ ಇಲ್ಲಿ ಬಾಡಿಗೆಗೆ ಇರುವವನು ಬಾಡಿಗೆದಾರನೇ. ದೇರಳಕಟ್ಟೆ, ಮಣಿಪಾಲದಲ್ಲಂತೂ ವಿದ್ಯಾರ್ಥಿಗಳಿಂದಲೇ ಬಾಡಿಗೆಯ ಪಾಲು ಉಬ್ಬಿರ್ತದೆ. ಆದ್ದರಿಂದ ಬಾಡಿಗೆಯವರ ಪಾಲು ಹೆಚ್ಚು ಅಂದ ಮಾತ್ರಕ್ಕೆ ಇಲ್ಲಿ ಮನೆ ಕೊಳ್ಳಲಾಗದವರು ಹೆಚ್ಚು ಅಂತ ತೀರ್ಮಾನಿಸಬೇಡಿ. ಬೀಗ ಹಾಕಿದ ಆ ಫ್ಲ್ಯಾಟುಗಳು ಒಮ್ಮೆಲೇ ಮಾರಾಟಕ್ಕೆ ಬಂದರೆ ಬೆಲೆಯ ಮೇಲೆ ಆಗುವ ಪೆಟ್ಟು ಹರಾಜಿನ ಫ್ಲ್ಯಾಟುಗಳಿಂದ ಆಗುವುದಕ್ಕಿಂತ ಎಷ್ಟೋ ದೊಡ್ಡದು.

ಹಂಪನಕಟ್ಟೆ_ಕಾಯ್ದೆ

ಹಣದ ಲೆಕ್ಕ ನಾನು ಹೇಳ್ತೇನೆ. ಮೀಸಲು 48 ಲಕ್ಷ, ನೀವು 50 ಲಕ್ಷಕ್ಕೆ ಗೆದ್ದಿರಿ ಅಂತ ಇಟ್ಟುಕೊಳ್ಳಿ.

ಬಿಡ್‌ಗೆ ಮೊದಲು ಇಎಂಡಿ, ಅಂದರೆ ಮುಂಗಡ ಠೇವಣಿ. ಸಾಮಾನ್ಯವಾಗಿ ಮೀಸಲು ಬೆಲೆಯ ನೂರಕ್ಕೆ 10, ಅಂದರೆ 4.80 ಲಕ್ಷ. ಹರಾಜು ಮುಗಿದ ದಿನ ಅಥವಾ ಹೆಚ್ಚೆಂದರೆ ಮರುದಿನದ ಕೆಲಸದ ವೇಳೆಯೊಳಗೆ ಬಿಡ್ ಮೊತ್ತದ ನೂರಕ್ಕೆ 25 ಆಗಬೇಕು: 12.50 ಲಕ್ಷ. ಇಎಂಡಿ ಕಳೆದು 7.70 ಲಕ್ಷ. ಉಳಿದ 37.50 ಲಕ್ಷ, ಮಾರಾಟ ಖಚಿತವಾದ 15 ದಿನದೊಳಗೆ. ಇದನ್ನು ಹೆಚ್ಚೆಂದರೆ ಮೂರು ತಿಂಗಳವರೆಗೆ ಮುಂದೂಡಬಹುದು, ಅದೂ ಎರಡೂ ಕಡೆಯವರು ಬರಹದಲ್ಲಿ ಒಪ್ಪಿದರೆ. "ಕೊಡುವಾ, ಅಡ್ಡಿ ಇಲ್ಲ" ಅಂತ ಮ್ಯಾನೇಜರು ಫೋನಿನಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಗಡುವು ತಪ್ಪಿದರೆ ಕಟ್ಟಿದ ಹಣ ಮುಟ್ಟುಗೋಲು. ಪೂರ್ತಿ 25 ಪಾಲೂ ಹೋಗಬಹುದು ಅಂತ 2024ರಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ.

ತುಂಬ ಜನ ಮುಗ್ಗರಿಸುವುದು ಈ 15 ದಿನದಲ್ಲೇ. ಮನೆ ಸಾಲ ಸಿಗ್ತದೆ ಅಂತ ನಂಬಿ ಬಿಡ್ ಹಾಕ್ತಾರೆ. ಸಾಲ ಕೊಡುವ ಬ್ಯಾಂಕಿಗೆ ಮೂಲ ದಾಖಲೆ, ಕಾನೂನು ಅಭಿಪ್ರಾಯ, ಮೌಲ್ಯಮಾಪನ ಎಲ್ಲ ಬೇಕು. ಹರಾಜು ಮಾಡಿದ ಬ್ಯಾಂಕ್ ಮೂಲ ದಾಖಲೆ ಬಿಡುವುದು ಪೂರ್ತಿ ಹಣ ಬಂದ ಮೇಲೆ. ಈ ಗಂಟು ಬಿಡಿಸಲಿಕ್ಕೆ ಎರಡೇ ದಾರಿ. ಒಂದೋ ಹರಾಜು ಮಾಡುವ ಬ್ಯಾಂಕಿನಲ್ಲೇ ಸಾಲಕ್ಕೆ ಬಿಡ್‌ಗೆ ಮೊದಲೇ ಅರ್ಜಿ ಹಾಕಿ ಮಂಜೂರಾತಿ ಪತ್ರ ಕೈಯಲ್ಲಿ ಇಟ್ಟುಕೊಳ್ಳುವುದು, ಇಲ್ಲವಾದರೆ ಪೂರ್ತಿ ಹಣ ಬೇರೆ ಕಡೆಯಿಂದ ಹೊಂದಿಸಿ ಆಮೇಲೆ ಅಡಮಾನ ಸಾಲ ತೆಗೆಯುವುದು. ಎರಡರಲ್ಲಿ ಒಂದೂ ಆಗದಿದ್ದರೆ ಬಿಡ್ ಹಾಕಬೇಡಿ.

50 ಲಕ್ಷ ಅಥವಾ ಅದಕ್ಕೆ ಮೇಲಾದರೆ ನೂರಕ್ಕೆ 1ರಷ್ಟು ಟಿಡಿಎಸ್ ಕಡಿದು ಕಟ್ಟಬೇಕು, ಇಲ್ಲಿ 50,000. ಯಾರ ಪ್ಯಾನ್ ಮೇಲೆ ಎಂಬುದನ್ನು ಬ್ಯಾಂಕಿನ ಅಧಿಕೃತ ಅಧಿಕಾರಿಯಿಂದ ಇಮೇಲಿನಲ್ಲಿ ಬರೆಸಿಕೊಳ್ಳಿ. ಅದು ತಪ್ಪಿದರೆ ಆಮೇಲೆ ತಿದ್ದುವುದು ದೊಡ್ಡ ಮಂಡೆಬಿಸಿ. ನೋಂದಣಿಗೆ ಮುದ್ರಾಂಕ ನೂರಕ್ಕೆ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ನಗರದಲ್ಲಿ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2. ಒಟ್ಟು ನೂರಕ್ಕೆ 7.6, ಅಂದರೆ 50 ಲಕ್ಷಕ್ಕೆ 3.80 ಲಕ್ಷ. ಬಿಡ್ ಮೊತ್ತದ ಮೇಲೋ ಮಾರ್ಗಸೂಚಿ ಬೆಲೆಯ ಮೇಲೋ ಎಂಬುದನ್ನು ಉಪನೋಂದಣಿ ಕಚೇರಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಬ್ಯಾಂಕು ಗೆದ್ದವನಿಗೆ ಕೊಡುವ ಮಾರಾಟ ಪ್ರಮಾಣಪತ್ರದ ಪ್ರತಿ ಕಚೇರಿಯಲ್ಲಿ ಫೈಲ್ ಆದರೆ ಸಾಕು ಅಂತ ಕೆಲವರು ಹೇಳ್ತಾರೆ. ಖಾತೆ ಬದಲಾವಣೆ, ಮುಂದೆ ಮಾರಾಟ ಎಲ್ಲಕ್ಕೂ ನೋಂದಣಿಯಾದ ಪತ್ರವೇ ಸುಲಭ, ದುಡ್ಡು ಉಳಿಸುವ ಜಾಗ ಇದಲ್ಲ.

ಇನ್ನು ಸಾಂಕೇತಿಕ ಸ್ವಾಧೀನ. ಬಾಗಿಲಿಗೆ ನೋಟಿಸು ಮಾತ್ರ ಅಂಟಿಸಿದ್ದಾರೆ, ಸಾಮಾನ್ಯವಾಗಿ ಒಳಗೆ ಇನ್ನೂ ಜನ ಇದ್ದಾರೆ ಅಂತ ಅರ್ಥ. ಅವರನ್ನು ಬಿಡಿಸಲಿಕ್ಕೆ ಬ್ಯಾಂಕು ಜಿಲ್ಲಾಧಿಕಾರಿ ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿಯ ಬಳಿ ಸರ್ಫೇಸಿಯ 14ನೇ ಕಲಮಿನಡಿ ಅರ್ಜಿ ಹಾಕಬೇಕು. ಕಾಯ್ದೆಯಲ್ಲಿ ಇರುವುದು 30 ದಿನ, ಕಾರಣ ಬರೆದು ಒಟ್ಟು 60 ದಿನ. ನಿಜದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುವುದು ಹೊಸದೇನಲ್ಲ. ಸಾಲಗಾರ ಬೆಂಗಳೂರಿನ ಡಿಆರ್‌ಟಿಗೆ (ಸಾಲ ವಸೂಲಾತಿ ನ್ಯಾಯಮಂಡಳಿ) ಹೋಗಿ ತಡೆ ತಂದರೆ ನಿಮ್ಮ ಹಣ ಒಳಗೆ, ಮನೆ ಹೊರಗೆ. ಮೂರನೇ ಸುತ್ತಿಗೂ ಯಾರೂ ಬಂದಿಲ್ಲ ಅಂದರೆ ಬಹುಶಃ ಇದೇ ಕಾರಣ. ಬ್ಯಾಂಕಿಗೆ ಬರೆದು ಮೂರು ಪ್ರಶ್ನೆ ಕೇಳಿ: 14ನೇ ಕಲಮಿನ ಆದೇಶ ಆಗಿದೆಯಾ, ಡಿಆರ್‌ಟಿಯಲ್ಲಿ ಅರ್ಜಿ ಬಾಕಿ ಉಂಟಾ, ಒಳಗೆ ಇರುವವರು ಮಾಲೀಕರೋ ಬಾಡಿಗೆದಾರರೋ. ಅಡಮಾನಕ್ಕಿಂತ ಮೊದಲಿನ ನೋಂದಾಯಿತ ಬಾಡಿಗೆ ಕರಾರು ಇದ್ದರೆ ಅವರನ್ನು ಎಬ್ಬಿಸುವುದು ಸುಲಭವಲ್ಲ.

ಮುರಕಲ್ಲು

ಮೇಲಿನವರು ಹಣದ್ದು ಸರಿಯಾಗಿ ಹೇಳಿದ್ದಾರೆ. ದಾಖಲೆಯಲ್ಲಿ ನಮ್ಮ ಜಿಲ್ಲೆಗಳದ್ದೇ ಆದ ಕೆಲವು ಗುಂಡಿಗಳು ಉಂಟು. ಬೆಂಗಳೂರಿನ ಚೆಕ್‌ಲಿಸ್ಟ್ ಇಟ್ಟುಕೊಂಡು ಬಂದವರು ಬೀಳುವುದು ಅಲ್ಲೇ.

ಮೊದಲು ಜಾಗದ ಮೂಲ. ಹಳೆ ಪೇಟೆ ಭಾಗದಲ್ಲಿ ಫ್ಲ್ಯಾಟ್ ನಿಂತ ನೆಲ ವರ್ಗ ಜಾಗವೋ (ಸ್ವಂತ ಒಡೆತನದ್ದು) ಮೂಲಗೇಣಿಯೋ (ಶಾಶ್ವತ ಗೇಣಿಯದ್ದು) ನೋಡಿ. ಮೂಲಗೇಣಿ ಆದರೆ ನಿಮಗೆ ಬರುವ ಅವಿಭಾಜ್ಯ ಪಾಲು ಕೂಡ ಮೂಲಗೇಣಿ ಹಕ್ಕೇ. ಮೂಲಗೇಣಿದಾರರಿಗೆ ಒಡೆತನ ಕೊಡುವ ಕಾಯ್ದೆ 2011ರದ್ದು ಉಂಟು ನಿಜ. ಈ ಜಾಗಕ್ಕೆ ಅದರಡಿ ಆದೇಶ ಆಗಿದೆಯಾ ಎಂಬುದೇ ಪ್ರಶ್ನೆ. ಆಗಿಲ್ಲವಾದರೆ ಮುಂದೆ ನೀವು ಮಾರುವಾಗ ಕೊಳ್ಳುವವನ ಬ್ಯಾಂಕು ಮೂಗು ಮುರಿಯಬಹುದು.

ಸ್ವತಂತ್ರ ಮನೆ ಆದರೆ ಕುಮ್ಕಿ ನೋಡಲೇಬೇಕು. ಕದೀಂ ವರ್ಗ, ಅಂದರೆ ಹಳೆ ಕಾಲದ ವರ್ಗ ಜಾಗದ ಗಡಿಯಿಂದ 450 ಲಿಂಕ್ಸ್, ಸುಮಾರು 90 ಮೀಟರಿನವರೆಗಿನ ಸರಕಾರಿ ಜಾಗದ ಮೇಲೆ ವರ್ಗದಾರನಿಗೆ ಇರುವುದು ಸೊಪ್ಪು, ಸೌದೆ ತೆಗೆಯುವಂಥ ಸವಲತ್ತು ಮಾತ್ರ, ಒಡೆತನ ಅಲ್ಲ. ಕಂಪೌಂಡು, ಬಾವಿ, ಕೆಲವೊಮ್ಮೆ ಅಡುಗೆಮನೆಯ ವಿಸ್ತರಣೆ ಕೂಡ ಕುಮ್ಕಿಯಲ್ಲಿ ಕೂತಿರ್ತದೆ. ಪ್ರಕಟಣೆಯಲ್ಲಿ "12 ಸೆಂಟ್ಸ್ ಮತ್ತು ಮನೆ" ಅಂತ ಇದ್ದು ಸ್ಥಳದಲ್ಲಿ 17 ಸೆಂಟ್ಸ್ ಬೇಲಿ ಕಂಡರೆ ಖುಷಿಪಡಬೇಡಿ, ಹೆಚ್ಚಿನ 5 ನಿಮ್ಮದಾಗುವುದಿಲ್ಲ. ಸೆಂಟ್ಸ್ ಒಂದಕ್ಕೆ 435.6 ಚದರಡಿ. ಸರ್ವೆ ನಕ್ಷೆ ಹಿಡಿದು ಅಳೆಸಿ.

ಪಂಚಾಯತ್ ವ್ಯಾಪ್ತಿಯಾದರೆ ನೈನ್-ಇಲೆವೆನ್, ಅಂದರೆ ನಮೂನೆ 9 ಮತ್ತು 11ರ ಪಂಚಾಯತ್ ಆಸ್ತಿ ದಾಖಲೆ, ಜೊತೆಗೆ ಭೂಪರಿವರ್ತನೆ ಆದೇಶ ಮತ್ತು ಸಿಂಗಲ್ ಲೇಔಟ್ ಮಂಜೂರಾತಿ. ಪರಿವರ್ತನೆಯೇ ಆಗದೆ ಪಹಣಿಯಲ್ಲಿ ಇನ್ನೂ ಅಡಿಕೆಯೋ ತೆಂಗೋ ಇದ್ದರೆ ಇನ್ನೊಂದು ಅಪಾಯ: ಕೃಷಿ ಜಮೀನಿನ ಭದ್ರತೆಗೆ ಸರ್ಫೇಸಿ ಅನ್ವಯಿಸುವುದೇ ಇಲ್ಲ. ಸಾಲಗಾರ ಅದನ್ನೇ ಹಿಡಿದು ಡಿಆರ್‌ಟಿಗೆ ಹೋದರೆ ಇಡೀ ಹರಾಜೇ ಬಿದ್ದುಹೋಗಬಹುದು.

ನಗರದೊಳಗೆ ಈಗ ಇ-ಖಾತೆ ಇಲ್ಲದೆ ನೋಂದಣಿ ಆಗುವುದಿಲ್ಲ. ಹರಾಜಿನ ಆಸ್ತಿಯಲ್ಲಿ ಇದು ವಿಶೇಷ ತಲೆನೋವು, ಯಾಕೆಂದರೆ ಹಳೆ ಕೈಬರಹದ ಖಾತೆ ಮಾತ್ರ ಇದ್ದರೆ ಇ-ಖಾತೆಗೆ ಅರ್ಜಿ ಹಾಕಬೇಕಾದ ಮಾಲೀಕ ಸಿಟ್ಟಿನಲ್ಲಿ ಕೂತಿರ್ತಾನೆ. ಯಾರು ಮಾಡಿಸಿ ಕೊಡುವುದು, ಎಷ್ಟು ದಿನದಲ್ಲಿ ಎಂಬುದನ್ನು ಬಿಡ್‌ಗೆ ಮೊದಲೇ ಬ್ಯಾಂಕಿನಿಂದ ಬರೆಸಿಕೊಳ್ಳಿ.

ಇಸಿ (ಋಣಭಾರ ಪ್ರಮಾಣಪತ್ರ) ಕನಿಷ್ಠ 30 ವರ್ಷದ್ದು ತೆಗೆಯಿರಿ. ಕಾವೇರಿ ತಾಣದಲ್ಲಿ 2004ರ ಈಚಿನದ್ದು ಸಿಗ್ತದೆ, ಹಿಂದಿನದ್ದಕ್ಕೆ ಉಪನೋಂದಣಿ ಕಚೇರಿಯಲ್ಲೇ ಕೈಬರಹದ ಪುಸ್ತಕ ಹುಡುಕಿಸಬೇಕು. ನಮೂನೆ 15ರಲ್ಲಿ ವ್ಯವಹಾರಗಳು ಬರ್ತವೆ, 16 ಬಂದರೆ ಏನೂ ಇಲ್ಲ ಅಂತ. ಆದರೆ ಪತ್ರ ಇಟ್ಟು ತೆಗೆದ ಸಾಲ ನೋಂದಣಿ ಆಗದಿದ್ದರೆ ಇಸಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಸಾಲಕ್ಕೆ ಇಟ್ಟ ಆಸ್ತಿಗಳ ಕೇಂದ್ರ ದಾಖಲೆ ಇರುವ ಸೆರ್ಸೈ ತಾಣದಲ್ಲಿ ಆಸ್ತಿಯ ವಿವರ ಹಾಕಿಯೂ, ಸಾಲಗಾರನ ಹೆಸರು ಹಾಕಿಯೂ ಹುಡುಕಿ. ಸಣ್ಣ ಶುಲ್ಕ, ಯಾರು ಬೇಕಾದರೂ ಹುಡುಕಬಹುದು. ವ್ಯಾಪಾರದ ಸಾಲವಾಗಿದ್ದರೆ ವಾಣಿಜ್ಯ ತೆರಿಗೆ ಇಲಾಖೆಯ ಬಾಕಿ ದಾಖಲಾಗಿದೆಯಾ ಎಂಬುದೂ ಮುಖ್ಯ.

ಬಾಕಿಗಳು. "ಇದ್ದಲ್ಲಿ ಇದ್ದಂತೆ" ಅಂತ ಮಾರುವುದರಿಂದ ಪಾಲಿಕೆಯ ತೆರಿಗೆ, ನೀರಿನ ಬಿಲ್ಲು, ಅಸೋಸಿಯೇಶನ್ ಮೇಂಟೆನೆನ್ಸ್ ಎಲ್ಲ ನಿಮ್ಮ ಕುತ್ತಿಗೆಗೆ ಬರ್ತದೆ. ಕರೆಂಟಿನ ಹಳೆ ಬಾಕಿಯನ್ನೂ ಇಂಥ ಮಾರಾಟದಲ್ಲಿ ಕೊಂಡವನಿಂದ ಕೇಳಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಆರ್‌ಆರ್ ನಂಬರು ಹಿಡಿದು ಮೆಸ್ಕಾಂನಲ್ಲಿ ವಿಚಾರಿಸಿ. ಅಸೋಸಿಯೇಶನ್ ಕಾರ್ಯದರ್ಶಿಯ ಹತ್ತಿರ ಮಾತಾಡಿದರೆ ಬಾಕಿಯೂ ತಿಳಿತದೆ, ಒಳಗೆ ಯಾರಿದ್ದಾರೆ, ಎಂಥವರು ಎಂಬುದೂ ತಿಳಿತದೆ. ಬ್ಯಾಂಕಿನ ಕಾಗದಕ್ಕಿಂತ ವಾಚ್‌ಮ್ಯಾನಿಗೆ ಹೆಚ್ಚು ಗೊತ್ತಿರ್ತದೆ ಅನ್ನುವುದು ತಮಾಷೆ ಅಲ್ಲ.

ಪಾರ್ಕಿಂಗ್ ಪ್ರಕಟಣೆಯ ಷೆಡ್ಯೂಲಿನಲ್ಲಿ ಬರೆದಿದೆಯಾ ನೋಡಿ, ಮೂಲ ಕ್ರಯಪತ್ರದಲ್ಲಿಯೂ ಇರಬೇಕು. ಫ್ಲ್ಯಾಟ್ ತೋರಿಸುವ ದಿನ ಬ್ಯಾಂಕ್ ಗೊತ್ತು ಮಾಡಿರ್ತದೆ. ಬೇಸಿಗೆಯಲ್ಲಿ ನೋಡಿದರೆ ಗೋಡೆಯೆಲ್ಲ ಚಂದವೇ. ಕೊನೆಯ ಮಹಡಿಯಾದರೆ ಸ್ಲ್ಯಾಬಿನ ಅಡಿ, ಪಡುವಣದ ಗೋಡೆ, ಕಿಟಕಿಯ ಕೆಳಗಿನ ಬಣ್ಣ ನೋಡಿ. ಹೊಸ ಬಣ್ಣದ ಒಂದೇ ಒಂದು ಪಟ್ಟಿ ಇದ್ದರೆ ಅಲ್ಲಿಂದ ಮಳೆಗಾಲದಲ್ಲಿ ನೀರು ಬರ್ತದೆ ಅಂತಲೇ ತಿಳ್ಕೊಳ್ಳಿ.

ಬಿಜೈ_ಬಾಡಿಗೆದಾರ

ತುಂಬ ಉಪಕಾರ ಆಯ್ತು. ಇಸಿ ತೆಗೆದು ನೋಡಿದೆ. 2009ರ ಒಂದು ಅಡಮಾನ ಕಾಣ್ತಾ ಉಂಟು, ಬಿಡುಗಡೆ ಆದದ್ದು ಕಾಣುವುದಿಲ್ಲ. ಆ ಬ್ಯಾಂಕು ಈಗ ಆ ಹೆಸರಲ್ಲಿ ಇಲ್ಲ. ಹರಾಜು ಹಾಕಿದ ಬ್ಯಾಂಕ್ ಬೇರೆಯೇ. ಇದು ದೊಡ್ಡ ತೊಡಕಾ?

ಇನ್ನೊಂದು, ಗೆದ್ದ ಮೇಲೆ ಸಾಲಗಾರ ಬಂದು ಬಾಕಿ ಕಟ್ಟಿದರೆ ಫ್ಲ್ಯಾಟ್ ವಾಪಸ್ ಹೋಗ್ತದಾ?

ಹಂಪನಕಟ್ಟೆ_ಕಾಯ್ದೆ

ಎರಡನೆಯದಕ್ಕೆ ಮೊದಲು ಉತ್ತರ. ಸರ್ಫೇಸಿಯ 2016ರ ತಿದ್ದುಪಡಿಯ ನಂತರ ಹರಾಜು ಪ್ರಕಟಣೆ ಹೊರಬೀಳುವ ಮೊದಲು ಪೂರ್ತಿ ಬಾಕಿ ಮತ್ತು ಖರ್ಚು ಕಟ್ಟಿದರೆ ಮಾತ್ರ ಬಿಡಿಸಿಕೊಳ್ಳುವ ಹಕ್ಕು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು, ಹರಾಜು ಗೆದ್ದವನನ್ನು ಬಿಟ್ಟು ಸಾಲಗಾರನ ಜೊತೆ ಬ್ಯಾಂಕು ರಾಜಿ ಮಾಡಿಕೊಂಡದ್ದು ಸರಿಯಲ್ಲ ಅಂದಿತು. ಆದರೆ ಪ್ರಕ್ರಿಯೆಯಲ್ಲೇ ತಪ್ಪಿದ್ದರೆ ಹರಾಜು ರದ್ದಾಗಬಹುದು. ಉದಾಹರಣೆಗೆ ಸಾಲಗಾರನಿಗೆ 30 ದಿನದ ಮಾರಾಟ ನೋಟಿಸು ಕೊಡದೆ ಇದ್ದರೆ. ಮರುಹರಾಜಿಗೆ 15 ದಿನ ಸಾಕು. ನೀವು ಆ ನೋಟಿಸುಗಳ ಪ್ರತಿ, ತಲುಪಿದ್ದಕ್ಕೆ ಅಂಚೆಯ ಪುರಾವೆ, ಮೀಸಲು ಬೆಲೆ ಇಟ್ಟ ಮೌಲ್ಯಮಾಪನದ ದಿನಾಂಕ ಕೇಳಿ. ತೋರಿಸಲಿಕ್ಕೆ ಹಿಂಜರಿದರೆ ದೂರ ಇರಿ.

ಮುರಕಲ್ಲು

2009ರ ಅಡಮಾನದ್ದು ನಮ್ಮ ಕಡೆ ಮಾಮೂಲಿ ಸಮಸ್ಯೆ. ಇಲ್ಲೇ ಹುಟ್ಟಿದ ಬ್ಯಾಂಕುಗಳಲ್ಲಿ ಮೂರು ಹೆಸರು ಕಳೆದುಕೊಂಡಿವೆ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ಕ್ಕೆ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ, ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ. ಸಾಲ ತೀರಿದ್ದರೂ ಬಿಡುಗಡೆ ಪತ್ರ ನೋಂದಣಿ ಮಾಡಿಸದೆ ಬಿಟ್ಟದ್ದು ಸಾಕಷ್ಟು ಇರ್ತದೆ, ಆಗ ಯಾರಿಗೂ ಅದು ಬೇಕು ಅಂತ ಅನಿಸ್ತಿರಲಿಲ್ಲ.

ಆದರೆ ತೀರಿದೆ ಅಂತ ಊಹಿಸಬೇಡಿ. ಇಸಿಯಲ್ಲಿ ಇರುವ ದಸ್ತಾವೇಜು ನಂಬರಿನಿಂದ ಅಡಮಾನ ಪತ್ರದ ದೃಢೀಕೃತ ಪ್ರತಿ ತೆಗೆಯಿರಿ, ಅದರಲ್ಲಿ ಶಾಖೆಯ ಹೆಸರು ಉಂಟು. ಆ ಶಾಖೆ ಈಗ ಯಾವ ಶಾಖೆಯಲ್ಲಿ ಸೇರಿದೆ ನೋಡಿ ಅಲ್ಲಿ ವಿಚಾರಿಸಬೇಕು. ಮೂರನೆಯವರಾದ ನಿಮಗೆ ಅವರು ಖಾತೆಯ ವಿವರ ಕೊಡಲಿಕ್ಕಿಲ್ಲ. ಹರಾಜು ಹಾಕಿದ ಬ್ಯಾಂಕು ಪತ್ರ ಬರೆದು ಬಾಕಿ ಇಲ್ಲದ ಪತ್ರ ತರಿಸಲಿ, ಬಿಡುಗಡೆ ಪತ್ರ ನೋಂದಾಯಿಸಲಿ, ಅದು ಅವರ ಕೆಲಸ. ಮೂಲ ಕ್ರಯಪತ್ರ ಯಾರ ಹತ್ತಿರ ಉಂಟು ಅಂತಲೂ ಕೇಳಿ. ಹರಾಜು ಹಾಕಿದ ಬ್ಯಾಂಕಿನ ಕೈಯಲ್ಲೇ ಮೂಲ ಇದ್ದರೆ ಹಳೆ ಸಾಲ ತೀರಿಯೇ ಪತ್ರ ಹೊರಬಂದದ್ದು ಅಂತ ಅರ್ಧ ಧೈರ್ಯ. ಅವರಲ್ಲಿ ಬರೇ ದೃಢೀಕೃತ ಪ್ರತಿ ಇದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಕಂತು_ತಪ್ಪಿದವರಿಗಾಗಿ

ಎಲ್ಲರೂ ಕೊಳ್ಳುವವರ ಕಡೆಯಿಂದಲೇ ಬರೆದಿದ್ದಾರೆ. ಇದನ್ನು ಓದುವವರಲ್ಲಿ ಕಂತು ತಪ್ಪಿದವರೂ ಇರ್ತಾರೆ, ಅವರಿಗೆ ಎರಡು ಮಾತು.

ಕಂತು ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಅದಕ್ಕೆ ಮೊದಲೇ ಹೋಗಿ ಅವಧಿ ಹೆಚ್ಚಿಸುವುದನ್ನು ಕೇಳಿ, ಆಮೇಲೆ ಬಾಗಿಲು ಚಿಕ್ಕದಾಗ್ತದೆ. 60 ದಿನದ ನೋಟಿಸು ಬಂದರೆ ಮೇಜಿನ ಡ್ರಾಯರಿಗೆ ಹಾಕಬೇಡಿ. ಮೊತ್ತ ತಪ್ಪಿದ್ದರೆ, ಕಟ್ಟಿದ್ದನ್ನು ಹಿಡಿಯದಿದ್ದರೆ ಬರಹದಲ್ಲಿ ಆಕ್ಷೇಪಣೆ ಕೊಡಿ, 15 ದಿನದಲ್ಲಿ ಬ್ಯಾಂಕು ಕಾರಣ ಸಹಿತ ಉತ್ತರಿಸಲೇಬೇಕು. ಸ್ವಾಧೀನದ ಕ್ರಮ ಆದ 45 ದಿನದೊಳಗೆ ಡಿಆರ್‌ಟಿ. ಬಾಕಿ ಉಳಿದದ್ದು ಅಸಲು-ಬಡ್ಡಿಯ ನೂರಕ್ಕೆ 20ಕ್ಕಿಂತ ಕಡಿಮೆಯಾದರೆ ಸರ್ಫೇಸಿಯಡಿ ಮನೆ ಮುಟ್ಟುವಂತಿಲ್ಲ, ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ.

ಕಟ್ಟಲಿಕ್ಕೆ ಸಾಧ್ಯವೇ ಇಲ್ಲ ಅಂತ ಖಾತ್ರಿಯಾದರೆ ಹರಾಜು ಪ್ರಕಟಣೆ ಬರುವ ಮೊದಲು ನೀವೇ ಮಾರಿ. ಬ್ಯಾಂಕಿನ ಒಪ್ಪಿಗೆ ಪತ್ರ ತೆಗೆದು, ಕೊಳ್ಳುವವನ ಹಣ ನೇರ ಸಾಲದ ಖಾತೆಗೆ ಹೋಗುವ ಹಾಗೆ ಮೂವರೂ ಕೂತು ಬರೆದುಕೊಂಡರೆ ಮಾರುಕಟ್ಟೆ ಬೆಲೆ ಸಿಗ್ತದೆ. ಹರಾಜಿನಲ್ಲಿ ಬಾಕಿಗಿಂತ ಹೆಚ್ಚು ಬಂದರೆ ಆ ಹೆಚ್ಚಿನದ್ದು ನಿಮಗೇ ಸೇರಬೇಕು, ಕೇಳಿ ಪಡೆಯಿರಿ. ಕಡಿಮೆ ಬಂದರೆ ಉಳಿದದ್ದಕ್ಕೆ ನಿಮ್ಮ ಮೇಲೂ ಜಾಮೀನು ನಿಂತವರ ಮೇಲೂ ದಾವೆ ಬರಬಹುದು, ಮನೆ ಹೋಯಿತು ಸಾಲ ಮುಗಿಯಿತು ಅಂತ ಇಲ್ಲ. ಮತ್ತೆ ಸಾಲ ಪೂರ್ತಿ ತೀರಿಸಿದ ಮೇಲೆ 30 ದಿನದೊಳಗೆ ಮೂಲ ಪತ್ರ ಕೊಟ್ಟು ಅಡಮಾನ ಬಿಡುಗಡೆ ಮಾಡಿಸಬೇಕು. ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ, 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕಿನ ಆದೇಶ ಉಂಟು. ಬಿಡುಗಡೆ ಇಸಿಯಲ್ಲಿ ಬರುವ ತನಕ ಶಾಖೆಯನ್ನು ಬಿಡಬೇಡಿ.